ಬೆರಳಿಲ್ಲದ ಮೇಷ್ಟ್ರು

ಲೋವೆಲ್ ಕ್ರಾಟ್ಜ್‌ನ ಬೆರಳ ತುದಿಗಳಲ್ಲಿ ಗೆರೆಗಳಿರಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಇಪ್ಪತ್ತೆರಡು ವರ್ಷ ಇಟ್ಟಿಗೆ ಹೊತ್ತು ಗಾರೆ ಮೆತ್ತಿದ ಇವನಿಗೆ ಮೊಸರು ಹಾಗಿರಲಿ, ಇದ್ದ ಬೆರಳೂ ಸವೆದುಹೋಗಿದ್ದವು. ಬೆನ್ನು ಕೈಕೊಟ್ಟ ಮೇಲೆ ಆ ಕೆಲಸ ಬಿಟ್ಟು, ಮುಚ್ಚಿಹೋದ ಸೂಪರ್ ಮಾರ್ಕೆಟ್ಟಿನಲ್ಲಿ ನಡೆಯುವ ಟ್ಯಾನರ್ಸ್ ಫೋರ್ಡ್ ಚಾರ್ಟರ್ ಶಾಲೆಗೆ ಮೇಷ್ಟ್ರಾಗಿ ಸೇರಿ ಆರು ವರ್ಷವಾಗಿತ್ತು. ಹಿಂದೆ ಮೀನು ಮಾರುತ್ತಿದ್ದ ಮೂಲೆಯಲ್ಲಿ ಏಳನೇ ತರಗತಿಗೆ ಲೆಕ್ಕ ಹೇಳುತ್ತಿದ್ದ. ಭಿನ್ನರಾಶಿ ಅಂದರೆ ಅಳುತ್ತಿದ್ದ ಮಕ್ಕಳು ಅವನ ಜೊತೆ ಇಟ್ಟಿಗೆ ಜೋಡಿಸುತ್ತ ಜೋಡಿಸುತ್ತ ಅದನ್ನು ಕಲಿತುಬಿಡುತ್ತಿದ್ದರು. ಐವತ್ತೆರಡು ವರ್ಷದ ಬಾಳಿನಲ್ಲಿ ತಾನು ನೆಟ್ಟಗೆ ಮಾಡಿದ ಕೆಲಸ ಇದೊಂದೇ ಎಂದು ಅವನಿಗೆ ಗೊತ್ತಿತ್ತು.

ಶಿಕ್ಷಕರ ಲೈಸೆನ್ಸ್ ಮಾತ್ರ ಇರಲಿಲ್ಲ. ಸರ್ಕಾರದ ದುಡ್ಡಿನಲ್ಲಿ ಖಾಸಗಿಯವರು ನಡೆಸುವ ಇಂಥ ಚಾರ್ಟರ್ ಶಾಲೆಗೆ ಅಷ್ಟು ರಿಯಾಯಿತಿ ಉಂಟು. ಶಿಕ್ಷಕರಲ್ಲಿ ಕಾಲು ಭಾಗಕ್ಕೆ ಲೈಸೆನ್ಸ್ ಇಲ್ಲದಿದ್ದರೂ ನಡೆಯುತ್ತದೆ, ಅಂದರೆ ಹನ್ನೆರಡರಲ್ಲಿ ಮೂವರಿಗೆ. ಫೆಬ್ರವರಿಯ ಆ ಮಂಗಳವಾರ ಬೆಳಿಗ್ಗೆ ಪ್ರಿನ್ಸಿಪಾಲ್ ಮಿಸೆಸ್ ಓಡೆಲ್ ಎಣಿಸಿದರೆ ನಾಲ್ವರಿದ್ದರು.

“ನಾಲ್ಕು ಗಂಟೆಗೆ ಇನ್ಸ್‌ಪೆಕ್ಟರ್ ಬರ್ತಾರೆ, ಲೋವೆಲ್. ಅಷ್ಟರೊಳಗೆ ನಿಮಗೊಂದು ಲೈಸೆನ್ಸ್ ಆಗ್ಬೇಕು. ಇಲ್ಲಾಂದ್ರೆ ನಿಮ್ಮ ಕ್ಲಾಸು ಬೇರೆಯವರಿಗೆ ಹೋಗುತ್ತೆ.”

“ನಾನೇ ಯಾಕೆ ಮೇಡಂ?”

“ಕೋಚ್ ಪೈಕ್‌ನ ತೆಗೆದ್ರೆ ಬಾಸ್ಕೆಟ್‌ಬಾಲ್ ತಂಡ ಹೋಗುತ್ತೆ. ಸಂಗೀತದವಳು ಶಾಲಾ ಮಂಡಳಿ ಅಧ್ಯಕ್ಷರ ಸೊಸೆ. ಸ್ಪ್ಯಾನಿಷ್‌ನವನಿಗೆ ಹೇಳಿದ್ರೆ ಅತ್ತುಬಿಡ್ತಾನೆ. ನೀವು ಅಳೋರಲ್ಲ.”

ಲೋವೆಲ್‌ಗೆ ಅಳು ಬಂದಿತ್ತು, ಆದರೆ ಈಗ ತೋರಿಸುವ ಹಾಗಿರಲಿಲ್ಲ.

ಉಪಾಯ ಗುಮಾಸ್ತೆ ಮಾರ್ವೆಲ್ಲಾಳ ಹತ್ತಿರ ಇತ್ತು. ಆ ಶಾಲೆಯಲ್ಲಿ ಯಾರ ಕಷ್ಟಕ್ಕಾದರೂ ಅವಳ ಹತ್ತಿರ ಒಂದು ಉಪಾಯ ಇರುತ್ತಿತ್ತು, ಕೇಳಲಿ ಬಿಡಲಿ. “ಹತ್ತು ವರ್ಷ ಕಸುಬು ಮಾಡಿದೋರಿಗೆ ಆ ಕಸುಬು ಕಲಿಸೋ ಮೇಷ್ಟ್ರ ಲೈಸೆನ್ಸ್ ಕೊಡ್ತಾರೆ. ಗಾರೆ ಕೆಲಸ ಅಂತ ಹೋದ ತಿಂಗಳೇ ನಿನ್ನ ಅರ್ಜಿ ಹಾಕಿದ್ದೆ. ನೀನು ಓದದೆ ಸಹಿ ಮಾಡಿದ್ಯಲ್ಲ, ಅದೇ. ಪೊಲೀಸ್ ತಪಾಸಣೆಗೆ ಬೆರಳಚ್ಚು ಒಂದು ಬಾಕಿ. ಅದು ಸೇರಿದ ತಕ್ಷಣ ಕಂಪ್ಯೂಟರಲ್ಲಿ ನಿನ್ನ ಹೆಸರು ಬರುತ್ತೆ.”

“ನಾನು ಹೇಳೋದು ಲೆಕ್ಕ ಅಲ್ವಾ?”

“ಲೈಸೆನ್ಸ್ ಅಂದ್ರೆ ಲೈಸೆನ್ಸ್ ಮಾರಾಯ. ಸುಮ್ನೆ ಹೋಗಿ ಒತ್ತಿ ಬಾ.”

ಬೆರಳಚ್ಚು ತೆಗೆಯುವ ಯಂತ್ರ ಇದ್ದದ್ದು ಊರೂರಿಗೆ ಪಾರ್ಸೆಲ್ ಕಳಿಸುವ ಅಂಗಡಿಯಲ್ಲಿ. ಅಂಗಡಿಯ ಮುದುಕ ಎಲ್ಮೋರ್, ಲೋವೆಲ್‌ನ ಹತ್ತು ಬೆರಳನ್ನೂ ಗಾಜಿನ ಮೇಲೆ ಒತ್ತಿಸಿದ. ಕೆಂಪು ದೀಪ ಹತ್ತಿತು.

“ಇದರ ಪ್ರಕಾರ ನಿಮಗೆ ಬೆರಳಿಲ್ಲ,” ಅಂದ.

“ಇವೇನು ಮತ್ತೆ?”

“ನನಗೆ ಕಾಣ್ತವೆ. ಅದಕ್ಕೆ ಕಾಣಲ್ಲ. ನಾಲ್ಕು ಸಲ ನೋಡುತ್ತೆ, ಒಂದು ಆಯ್ತು. ನಾಲ್ಕೂ ಹೋದ್ರೆ ಆರು ವಾರ ಬಿಟ್ಟು ಬರ್ಬೇಕು.”

ಶಾಲೆಗೆ ವಾಪಸ್ಸಾಗುವಷ್ಟರಲ್ಲಿ ಸುದ್ದಿ ಎಲ್ಲರ ಬಾಯಲ್ಲಿತ್ತು. ಅಡುಗೆಯ ಬರ್ನಡೀನ್ ಅವನ ಕೈ ಹಿಡಿದು ನೋಡಿ ಲೊಚಗುಟ್ಟಿದಳು. “ಒಣಗಿ ಕೊರಡಾಗಿದೆ. ಕೊಬ್ಬು ತಿಕ್ಕಿದ್ರೆ ಗೆರೆ ಎದ್ದು ಬರುತ್ತೆ. ನಮ್ಮಜ್ಜಿ ಹಂಗೇ ಮಾಡ್ತಿದ್ಲು.” ಅವಳಜ್ಜಿ ಬೆರಳಚ್ಚು ಯಾಕೆ ಕೊಡಬೇಕಾಗಿತ್ತು ಎಂದು ಕೇಳುವ ಮೊದಲೇ ಅವನ ಎರಡೂ ಕೈ ಹಂದಿಕೊಬ್ಬಿನ ಡಬ್ಬಿಯಲ್ಲಿದ್ದವು.

ಎರಡನೆಯ ಸಲ ಬೆರಳು ಗಾಜಿನ ಮೇಲೆ ನಿಲ್ಲಲೇ ಇಲ್ಲ, ಜಾರಿ ಎಲ್ಮೋರ್‌ನ ಕಾಫಿ ಲೋಟಕ್ಕೆ ಹೋಗಿ ಬಡಿಯಿತು. ಎಲ್ಮೋರ್ ಮೇಜು ಒರೆಸಿದ.

“ಕೊಬ್ಬಂತೆ, ಬುದ್ಧಿ ಇದೆಯಾ ಅವಳಿಗೆ?” ಅಂದ ಕೋಚ್ ಪೈಕ್. “ಬಿಸಿನೀರಲ್ಲಿ ಅರ್ಧ ಗಂಟೆ ಕೈ ಅದ್ದು. ಸ್ನಾನ ಮಾಡಿದ್ರೆ ಬೆರಳು ಸುಕ್ಕಾಗಲ್ವಾ? ಅದೇ ಗೆರೆ.” ಒಲೆಯ ಮೇಲೆ ನೀರು ಕಾಯಿಸಿದವನೂ ಅವನೇ, ಸಾಕು ಸಾಕು ಅಂದರೂ ಕೈ ಹಿಡಿದು ಅದ್ದಿಸಿದವನೂ ಅವನೇ. ಮೂರನೆಯ ಸಲ ಲೋವೆಲ್‌ನ ಹಿಂದೆ ಬರ್ನಡೀನ್, ಕೋಚ್ ಇಬ್ಬರೂ ಅಂಗಡಿಗೆ ಬಂದು ನಿಂತರು. ಕೆಂಪಗೆ ಊದಿದ ಬೆರಳುಗಳನ್ನು ಯಂತ್ರ ಬಹಳ ಹೊತ್ತು ನೋಡಿ, ಹಸ್ತ ಇಡಿ ಎಂದು ಬರೆದು ತೋರಿಸಿತು.

“ಇಟ್ಟಿದ್ದೀನಲ್ಲ,” ಅಂದ ಲೋವೆಲ್.

“ಇನ್ನು ಒಂದೇ ಸಲ,” ಅಂದ ಎಲ್ಮೋರ್. “ನೀವಿಬ್ರೂ ಹೊರಗೆ ನಿಂತ್ಕೊಳ್ಳಿ.”

ಗಡಿಯಾರ ಮೂರೂ ಇಪ್ಪತ್ತು ತೋರಿಸುತ್ತಿತ್ತು. ಮೀನಿನ ಮೂಲೆ, ಅಲ್ಲಿನ ಇಪ್ಪತ್ತಾರು ಮುಖ, ನಾಳೆ ಅವುಗಳ ಮುಂದೆ ನಿಲ್ಲುವ ಇನ್ಯಾರೋ ಲೋವೆಲ್‌ನ ಕಣ್ಣಮುಂದೆ ಬಂದರು. ಅಂಗೈ ಬೆವರಿತು, ಬೆರಳುಗಳೂ ಬೆವರಿದವು. ಹಾಗೇ ಗಾಜಿನ ಮೇಲೆ ಒತ್ತಿದ. ಹಸಿರು ದೀಪ ಹತ್ತಿತು.

“ಹೆದರಿದ್ರೆ ಕಾಣುತ್ತೆ ಅಂತ ಕಾಣುತ್ತೆ,” ಅಂದ ಎಲ್ಮೋರ್.

ಮೂರೂ ಐವತ್ತಕ್ಕೆ ಕಂಪ್ಯೂಟರಿನಲ್ಲಿ ಹೆಸರು ಬಂತು. ಮಾರ್ವೆಲ್ಲಾ ಎಲ್ಲರಿಗೂ ಕೇಳುವ ಹಾಗೆ ಓದಿದಳು. ಬರ್ನಡೀನ್ ಕೇಕ್ ತಂದು ಕತ್ತರಿಸಿದಳು. ಮಿಸೆಸ್ ಓಡೆಲ್ ಅವನ ಸುಟ್ಟ ಕೈಯನ್ನು ಹಿಡಿದು ಕುಲುಕಿದರು. ನೋವಾದರೂ ಲೋವೆಲ್ ನಕ್ಕ. ಆ ದಿನ ಅವನು ನಕ್ಕದ್ದು ಅದೊಂದೇ ಸಲ.

ಇನ್ಸ್‌ಪೆಕ್ಟರ್ ಥೇಯರ್ ನೆಗಡಿಯಾದ ತೆಳ್ಳನೆಯ ಮನುಷ್ಯ. ಮೂಗೊರೆಸುತ್ತ ಪಟ್ಟಿ ನೋಡಿದರು. “ಹನ್ನೆರಡರಲ್ಲಿ ಮೂವರು. ಸರಿಯಾಗಿದೆ.” ಎಲ್ಲರೂ ಉಸಿರುಬಿಟ್ಟರು. ಅವರು ಪುಟ ತಿರುಗಿಸಿದರು. “ಈ ಕ್ರಾಟ್ಜ್ ಏನು ಪಾಠ ಮಾಡ್ತಾರೆ?”

“ಲೆಕ್ಕ, ಸರ್,” ಅಂದ ಲೋವೆಲ್.

“ನಿಮ್ಮ ಲೈಸೆನ್ಸ್ ಗಾರೆ ಕೆಲಸದ್ದು. ಲೈಸೆನ್ಸ್ ಇದ್ದವರು ಅದರಲ್ಲಿ ಬರೆದಿರೋ ವಿಷಯ ಮಾತ್ರ ಹೇಳ್ಬೇಕು.”

“ನಿನ್ನೆವರೆಗೂ ಲೆಕ್ಕಾನೇ ಹೇಳಿದ್ದೀನಲ್ಲ ಸರ್.”

“ನಿನ್ನೆ ನಿಮಗೆ ಲೈಸೆನ್ಸ್ ಇರ್ಲಿಲ್ಲ. ಇಲ್ಲದವರು ಏನು ಬೇಕಾದ್ರೂ ಹೇಳ್ಬಹುದು.”

“ಹಾಗಾದ್ರೆ ವಾಪಸ್ ಕೊಡ್ತೀನಿ.”

“ಕೊಡಿ. ವಾಪಸ್ ಕೊಟ್ಟವರು ಐದು ವರ್ಷ ಯಾವ ಶಾಲೆ ಬಾಗಿಲೂ ತುಳಿಯೋ ಹಾಗಿಲ್ಲ.”

ಮಾರ್ವೆಲ್ಲಾ ನೆಲ ನೋಡಿದಳು. ಅವಳ ಹತ್ತಿರ ಉಪಾಯ ಇಲ್ಲದ್ದನ್ನು ಆ ಶಾಲೆ ಕಂಡದ್ದು ಅದೇ ಮೊದಲು. ಮಿಸೆಸ್ ಓಡೆಲ್ ಬೆರಳು ಮಡಿಚಿ ಎಣಿಸಿ, “ಇವರನ್ನ ಬಿಟ್ಟರೆ ಹನ್ನೊಂದರಲ್ಲಿ ಮೂವರಾಗ್ತಾರೆ, ಅದೂ ತಪ್ಪಾಗುತ್ತಲ್ಲ ಸರ್?” ಅಂದರು.

“ತಪ್ಪೇ. ಅದಕ್ಕೆ ಇವರನ್ನ ಪಟ್ಟಿಯಲ್ಲಿ ಇಟ್ಕೊಳ್ಳಿ. ಪಾಠ ಮಾತ್ರ ಬೇಡ. ಲೆಕ್ಕ ಹೇಳೋಕೆ, ಯಾವ ಲೈಸೆನ್ಸೂ ಇಲ್ಲದವರು ಯಾರಾದ್ರೂ ಇದ್ದಾರಾ?”

ಎಲ್ಲರೂ ಕೋಚ್ ಪೈಕ್ ಕಡೆ ತಿರುಗಿದರು. ಅವನ ಬಾಯಿ ತುಂಬ ಕೇಕ್ ಇತ್ತು. ಬೇಡ ಎಂದು ಹೇಳಲು ಅವನಿಗೆ ಹೊತ್ತಾಯಿತು. ಇನ್ಸ್‌ಪೆಕ್ಟರ್ ಅಷ್ಟರಲ್ಲಿ ಅವನ ಹೆಸರು ಬರೆದುಕೊಂಡಿದ್ದರು.

“ನಾನು ಇವನಿಗಾದರೂ ಹೇಳಿಕೊಡಬಹುದಾ ಸರ್?” ಲೋವೆಲ್ ಕೋಚ್ ಕಡೆ ಕೈ ತೋರಿಸಿದ.

“ಇವರು ವಿದ್ಯಾರ್ಥಿ ಅಲ್ಲವಲ್ಲ. ನಿಯಮದಲ್ಲಿ ಅಡ್ಡಿಯಿಲ್ಲ,” ಎಂದು ಥೇಯರ್ ಒಂದು ತುಂಡು ಕೇಕ್ ಕಟ್ಟಿಸಿಕೊಂಡು ಹೊರಟರು.

ಎಲ್ಲರೂ ಹೋದ ಮೇಲೆ ಕೋಚ್ ಪುಸ್ತಕ ಹಿಡಿದು ಮಕ್ಕಳ ಬೆಂಚಿನ ಮೇಲೆ ಮುದುಡಿ ಕೂತ. “ಬೇಜಾರು ಮಾಡ್ಕೋಬೇಡ ಲೋವೆಲ್. ನಿಧಾನವಾಗಿ ಮೊದಲಿಂದ ಹೇಳು. ಈ ಭಿನ್ನರಾಶೀಲಿ ಕೆಳಗಡೆ ಇನ್ನೊಂದು ಅಂಕಿ ಯಾಕಿರುತ್ತೆ?”

ಲೋವೆಲ್ ಸುಟ್ಟ ಬೆರಳಲ್ಲಿ ಸೀಮೆಸುಣ್ಣ ತೆಗೆದುಕೊಂಡ. ಏಳನೇ ತರಗತಿಯವರು ಅದನ್ನು ಅಕ್ಟೋಬರಿನಲ್ಲೇ ಮುಗಿಸಿದ್ದರು.