ಬೆಂಕಿಪೊಟ್ಟಣದ ಪ್ರಯಾಣಿಕರು

ಪಕ್ಕದ ಮನೆಗೆ ಆಕೆ ಬಂದ ದಿನ ನಾನು ಗುಲಾಬಿ ಗಿಡದ ಬುಡಕ್ಕೆ ಚಹಾದ ಚರಟ ಹಾಕುತ್ತಿದ್ದೆ. ಮೋಟುಗೋಡೆಯ ಆಚೆಯಿಂದ ಮೊದಲು ಒಂದು ಹುಲ್ಲಿನ ಟೋಪಿ ಎದ್ದಿತು, ಅದರ ಕೆಳಗೆ ಒಂದು ಮುಖ, ಆ ಮುಖದಿಂದ ಒಂದು ಪ್ರಶ್ನೆ.

“ಅಕ್ಕಾ, ಎಷ್ಟು ಚೆನ್ನಾಗಿ ಬಿಟ್ಟಿದೆ! ಏನು ಹಾಕ್ತೀರಿ ಇದಕ್ಕೆ?”

“ನೀರು,” ಎಂದೆ.

(ಬಾಳೆಹಣ್ಣಿನ ಸಿಪ್ಪೆ, ಕುಟ್ಟಿದ ಮೊಟ್ಟೆ ಚಿಪ್ಪು, ಈರುಳ್ಳಿ ಸಿಪ್ಪೆ ನೆನೆಸಿದ ನೀರು, ಇದನ್ನೆಲ್ಲ ಕಂಡ ಕೂಡಲೇ ಹೇಳಿಬಿಡಲು ಆಕೆಯೇನು ನನ್ನ ಒಡಹುಟ್ಟಿದವಳೇ?)

ಆಕೆ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತಳಾದವಳು. ಬೀದಿಯವರೆಲ್ಲ ಟಿ.ಸಿ. ಮೇಡಂ ಎನ್ನುತ್ತಾರೆ. ಟಿಕೆಟ್ಟಿಲ್ಲದವರು ಎಲ್ಲಿ ಅಡಗಿದ್ದರೂ ವಾಸನೆಯಿಂದಲೇ ಹಿಡಿಯುತ್ತಿದ್ದಳಂತೆ. ಗುಲಾಬಿ ಎಲೆಯನ್ನೂ ಹಾಗೆಯೇ ಹಿಂದೆ ಮುಂದೆ ತಿರುಗಿಸಿ ನೋಡುತ್ತಾಳೆ.

ನಮ್ಮೆಜಮಾನರು ಹೋಗುವಾಗ ಎರಡು ಆಸ್ತಿ ಬಿಟ್ಟುಹೋದರು. ಗೊರಕೆ ಮಗನ ಪಾಲಿಗೆ ಬಂತು, ಈ ಕೆಂಪು ಗುಲಾಬಿ ನನ್ನ ಪಾಲಿಗೆ. ಸೊಸೆ ಬ್ಯಾಂಕಿನ ಕೌಂಟರಿನಲ್ಲಿ ಕೂರುವವಳು. ಬೆಳಿಗ್ಗೆ ನಾನೊಂದು ಹೂ ಕತ್ತರಿಸಿ, ಮುಳ್ಳು ತೆಗೆದು, ತೊಟ್ಟಿಗೆ ಒದ್ದೆ ಬಟ್ಟೆ ಸುತ್ತಿ ಕೊಡುವುದು. ಅವಳದನ್ನು ಕೌಂಟರಿನ ಗಾಜಿನ ಲೋಟದಲ್ಲಿ ಇಡುವುದು. ಹೆಚ್ಚು ಮಾತಿನವಳಲ್ಲ. ನಾನು ನಾಲ್ಕು ಮಾತಾಡಿದರೆ ಅವಳದೊಂದು ‘ಹ್ಞೂಂ’. ಆದರೆ ಹೂ ಇಸಿದುಕೊಳ್ಳುವಾಗ ಮಾತ್ರ ನಗುತ್ತಿದ್ದಳು. ನಾನು ಚರಟ ಕೂಡಿಡುತ್ತಿದ್ದದ್ದು ಗಿಡಕ್ಕಲ್ಲ, ಆ ನಗುವಿಗೆ.

ಅಂಥ ಹ್ಞೂಂ ಸೊಸೆ ಗೋಡೆಯ ಬಳಿ ನಿಂತು ಟಿ.ಸಿ. ಮೇಡಂ ಜೊತೆ ಪಟಪಟ ಹರಟುತ್ತಾಳೆ! ಒಂದು ದಿನ ನಾನು ಕತ್ತರಿ ಹಿಡಿದು ಬರುವಷ್ಟರಲ್ಲಿ ಅವಳ ಕೈಯಲ್ಲಿ ಹಳದಿ ಗುಲಾಬಿ.

“ಇವತ್ತು ಆಂಟಿ ಕೊಟ್ರು ಅತ್ತೆ. ನಿಮ್ಮದು ಗಿಡದಲ್ಲೇ ಇರ್ಲಿ ಬಿಡಿ.”

ಇರಲಿ ಬಿಡಿಯಂತೆ! ಹೊಟ್ಟೆಕಿಚ್ಚಿನ ಮೇಲೆ ಪಾತ್ರೆ ಇಡುವ ಹಾಗಿದ್ದರೆ ಆ ದಿನದ ಅಡುಗೆಗೆ ಗ್ಯಾಸೇ ಬೇಕಿರಲಿಲ್ಲ.

ಆ ವಾರವೇ ಎರಡೂ ಮನೆಯ ಗಿಡಗಳಿಗೆ ಹಸಿರು ಹೇನು ಹತ್ತಿತು. ಮೊಗ್ಗಿನ ಕತ್ತಿಗೆ ಅಂಟಿಕೊಂಡು ರಸ ಹೀರುವ ಜಾತಿ. ಸೊಸೆ ಬೇವಿನೆಣ್ಣೆಯ ಬಾಟಲಿ ತಂದುಕೊಟ್ಟಳು. “ಸಾವಯವ ಅತ್ತೆ, ವಿಷ ಅಲ್ಲ,” ಎಂದಳು. ದಪ್ಪಕ್ಷರವಾದರೆ ನಾನೂ ಕೂಡಿಸಿಕೊಂಡು ಓದುತ್ತೇನೆ. ಆ ಬಾಟಲಿಯ ಅಕ್ಷರಗಳೋ ಹೇನಿಗಿಂತ ಸಣ್ಣ. ಚಿತ್ರ ನೋಡಿದೆ. ಮೊಸಳೆಯನ್ನು ಅಕ್ಕಿಕಾಳಿನಷ್ಟಕ್ಕೆ ಇಳಿಸಿದಂಥ ಕರಿ ಹುಳು, ಮೈಯೆಲ್ಲ ಮುಳ್ಳು, ಮೇಲೆ ಕಿತ್ತಳೆ ಚುಕ್ಕೆ. ಜಿರಲೆ ಔಷಧಿಯ ಮೇಲೆ ಜಿರಲೆ ಇರುತ್ತದೆ, ಇಲಿ ಪಾಷಾಣದ ಮೇಲೆ ಇಲಿ. ಅಂದಮೇಲೆ ಇದೇ ಆರೋಪಿ! ಗಿಡ ನೋಡಿದರೆ ಎಲೆ ಎಲೆಗೂ ಅದೇ ಹುಳು, ಸುತ್ತ ಹೇನಿನ ಹಿಂಡು. ಇದು ತಾಯಿ, ಅವು ಮಕ್ಕಳು ಎಂದು ನಿಂತಲ್ಲೇ ತೀರ್ಪು ಕೊಟ್ಟೆ.

ಕೊಲ್ಲುವುದು ಪಾಪ. ಸಾಕುವುದು ನಷ್ಟ. ಗೋಡೆಯೋ ಮೋಟು. ಹಳೆಯ ಬಣ್ಣದ ಕುಂಚದಿಂದ ಒಂದೊಂದನ್ನೇ, ಕಾಲು ಮುರಿಯದ ಹಾಗೆ, ಖಾಲಿ ಬೆಂಕಿಪೊಟ್ಟಣಕ್ಕೆ ತಳ್ಳಿಕೊಂಡು ಹೋಗಿ ಆಕೆಯ ಹಳದಿ ಗುಲಾಬಿಯ ಮೇಲೆ ಇಳಿಸಿ ಬಂದೆ. ದಿನ ಬೆಳಗಾದರೆ ಇದೇ ಗಡೀಪಾರು ಮಹೋತ್ಸವ. ಎಲೆಯ ಅಡಿಯನ್ನೂ ಬಿಡದೆ ಹುಡುಕಿದೆ. ಬೇವಿನೆಣ್ಣೆಯ ಮುಚ್ಚಳ ಕೂಡ ತೆಗೆಯಲಿಲ್ಲ. ಆರೋಪಿಯೇ ಊರು ಬಿಟ್ಟ ಮೇಲೆ ಔಷಧಿ ಯಾರಿಗೆ?

ತಾಯಿಯಿಲ್ಲದ ಮಕ್ಕಳು ಸೊರಗಬೇಕಿತ್ತು. ನನ್ನ ಗಿಡದ ಹೇನುಗಳು ಸಂಸಾರ ಹೂಡಿ ಮೊಮ್ಮಕ್ಕಳನ್ನು ಕಂಡವು! ಎಲೆಯೆಲ್ಲ ಅಂಟಂಟು, ಮೊಗ್ಗುಗಳು ಅರಳದೆ ಕತ್ತು ಬಗ್ಗಿಸಿದವು. ಆಚೆ ಕಡೆ ಹುಡುಕಿದರೂ ಒಂದು ಹೇನಿಲ್ಲ. ಹಳದಿ ಹೂಗಳ ನಡುವೆ ಕೆಂಪು ಮೈಯ ಗುಲಗಂಜಿ ಹುಳುಗಳು ಹೊಸ ಅಂಗಿಯ ಗುಂಡಿಗಳಂತೆ ಹೊಳೆಯುತ್ತಿದ್ದವು. ಲೋಟದಲ್ಲಿ ದಿನವೂ ಹಳದಿ.

ನನ್ನ ಗಿಡದ ಕೊನೆಯ ಕಂತನ್ನು ಸಾಗಿಸುತ್ತಿದ್ದಾಗ ಟೋಪಿ ಎದ್ದಿತು. ಬ್ಯಾಂಕಿಗೆ ಹೊರಟ ಸೊಸೆಯೂ ಬಾಗಿಲಲ್ಲಿದ್ದಳು.

“ಅಕ್ಕಾ, ಕೈಯಲ್ಲೇನು?”

“ಬೆಂಕಿಪೊಟ್ಟಣ.”

“ಒಲೆ ಒಳಗಿದೆಯಲ್ಲಾ?” ಎನ್ನುತ್ತಲೇ ಇಸಿದುಕೊಂಡು ತೆರೆದಳು. “ಅಯ್ಯೋ, ನೀವಾ! ಇಷ್ಟೊಂದು ಮರಿಗಳು ಎಲ್ಲಿಂದ ಬರ್ತಿವೆ ಅಂತ ನಾನು ತಲೆ ಕೆಡಿಸ್ಕೊಂಡಿದ್ದೆ.”

“ಯಾರ ಮರಿಗಳು?”

“ಗುಲಗಂಜಿ ಹುಳೂದು. ಹೇನು ತಿನ್ನೋದೇ ಇವುಗಳ ಕಸುಬು. ಬೇವಿನೆಣ್ಣೆ ಬಾಟ್ಲಿ ಮೇಲೇ ಚಿತ್ರ ಹಾಕಿ ಬರೆದಿದಾರಲ್ಲಕ್ಕಾ, ‘ಇವು ಗಿಡದ ಮಿತ್ರರು, ಇವುಗಳ ಮೇಲೆ ಸಿಂಪಡಿಸಬೇಡಿ’ ಅಂತ.”

ಸೊಸೆ ನನ್ನ ಗಿಡ ನೋಡಿದಳು, ಪೊಟ್ಟಣ ನೋಡಿದಳು. ಕಣ್ಣು ತುಂಬಿಕೊಂಡಿತು.

“ನಿಮ್ಮ ಗಿಡ ಹಾಳಾದ್ರೂ ಪರವಾಗಿಲ್ಲ ಅಂತ ಇದ್ದಬದ್ದದ್ದನ್ನೆಲ್ಲ ಆಂಟಿಗೆ ಕೊಟ್ರಾ ಅತ್ತೆ? ಎಂಥಾ ಮನಸ್ಸು ನಿಮ್ಮದು! ನಿಮ್ಮ ಗಿಡ ಮತ್ತೆ ಹೂ ಬಿಡೋವರೆಗೂ ನನ್ನ ಲೋಟ ಖಾಲಿಯೇ ಇರ್ಲಿ.”

ನನ್ನ ಜೊತೆ ಅವಳು ಅಷ್ಟುದ್ದದ ಮಾತಾಡಿದ್ದು ಅದೇ ಮೊದಲು. ಅಂಥ ಮಾತನ್ನು ನಿಜ ಹೇಳಿ ಕೆಡಿಸಲು ಯಾರಿಗೆ ಮನಸ್ಸು ಬಂದೀತು?

“ಅಕ್ಕಪಕ್ಕದಲ್ಲಿದ್ದು ಇಷ್ಟೂ ಮಾಡದಿದ್ರೆ ಹೇಗಮ್ಮಾ,” ಎಂದೆ. ಟಿ.ಸಿ. ಮೇಡಂ ಟೋಪಿ ಸರಿಮಾಡಿಕೊಂಡಳು.

ಆದರೆ ಲೋಟ ಖಾಲಿ ಇರುವುದೆಂದರೆ! ಮಾರನೆಯ ಬೆಳಿಗ್ಗೆ ಸೊಸೆ ಸ್ನಾನಕ್ಕೆ ಹೋದ ಹೊತ್ತು ನೋಡಿ ಗೋಡೆಯ ಮೇಲೆ ಬಗ್ಗಿದೆ. ಹಳದಿ ಗುಲಾಬಿಯ ಎಲೆಯಿಂದ ಒಂದು ಮರಿಯನ್ನು ಮೆಲ್ಲಗೆ ಪೊಟ್ಟಣಕ್ಕೆ ತಳ್ಳಿದೆ. ಇನ್ನೊಂದನ್ನು ತಳ್ಳಿದೆ. ಮತ್ತೊಂದಕ್ಕೆ ಕುಂಚ ಚಾಚಿದರೆ, ಅದೇ ಎಲೆಯ ಹಿಂದೆ ಹುಲ್ಲಿನ ಟೋಪಿ. ಮೊದಲಿನಿಂದಲೂ ಅಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದಳು.

ಕೈ ಚಾಚಿದಳು. ಪೊಟ್ಟಣ ಕೊಟ್ಟೆ. ತೆರೆದು ನೋಡಿದಳು, ಮುಚ್ಚಿದಳು, ಹಿಂದೆ ಮುಂದೆ ತಿರುಗಿಸಿದಳು. ಆಮೇಲೆ ಒಳಗಿನ ಬಚ್ಚಲಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಕೇಳಿದಳು:

“ಅಕ್ಕಾ, ಇವಕ್ಕೆ ನೀವು ತೆಗೆಸಿದ್ದು ಒಂದು ಕಡೆ ಟಿಕೆಟ್ಟಾ, ಹೋಗಿಬರೋ ಟಿಕೆಟ್ಟಾ?”