ಗಡಿಯ ಬೇವಿನ ಗಿಡ ಮತ್ತು ಸರಕಾರದ ಸಾಲ

ಬೇಳೆ ಆರಿಸುವಾಗ ಸುದ್ದಿ ಕೇಳಬಾರದು. ಕೇಳಿದರೆ ಕಲ್ಲು ಬೇಳೆಯಲ್ಲೇ ಉಳಿಯುತ್ತದೆ, ಸಿಟ್ಟು ಹೊಟ್ಟೆಯಲ್ಲಿ ಉಳಿಯುತ್ತದೆ. ಅವತ್ತು ತಾಂಡೂರಿನ ತೊಗರಿಬೇಳೆಯನ್ನು ಮೊರದಲ್ಲಿ ಹರವಿಕೊಂಡು ಕೂತಿದ್ದೆ. ನಮ್ಮ ಮಾಸ್ತರು, ಅಂದರೆ ನನ್ನ ಯಜಮಾನರು, ಪೇಪರ್ ಮಡಚಿಟ್ಟು, "ರಾಜ್ಯದ ಖಜಾನಾ ಖಾಲಿ ಅದ ಅಂತ. ನಮ್ಮ ರೊಕ್ಕ ಈ ವರ್ಷನೂ ಬರೂದು ಕಷ್ಟ" ಅಂದರು. ಶಾಲೆಯ ನೌಕರಿಯಿಂದ ರಿಟೈರ್ ಆದಾಗಲೇ ಅವರ ಕೈಗೆ ಬರಬೇಕಿದ್ದ ಇಡಿಗಂಟು ಅದು. ಬಂದ ಕೂಡಲೇ ದೇವರಮನೆಯ ಸೋರುವ ಮಾಳಿಗೆ ಕೆಡವಿ ಸ್ಲ್ಯಾಬ್ ಹಾಕಿಸುವುದು ಅಂತ ಮಾತಾಗಿತ್ತು. ಪಿಂಚಣಿ ತಿಂಗಳ ತಿಂಗಳ ಬರುತ್ತದೆ, ಅದು ಶಿವನ ದಯೆ. ಗಂಟು ಮಾತ್ರ ಇನ್ನೂ ಬರುತ್ತಲೇ ಇದೆ. ಇಷ್ಟು ದಿನ ಬರುತ್ತಲೇ ಇರುವ ಇನ್ನೊಂದು ವಸ್ತು ನಮ್ಮ ಓಣಿಯ ನಳದ ನೀರು.

ಗಣಿತ ಕಲಿಸಿದವರು ಸುಮ್ಮನೆ ಕೂಡುತ್ತಾರೆಯೇ? ಸರಕಾರವನ್ನು ಸಾಲದಿಂದ ಎತ್ತಿ ದಡಕ್ಕೆ ಹಾಕುವ ಉಪಾಯಗಳನ್ನು ನನ್ನ ಮೊರದ ಮುಂದೆ ಒಂದೊಂದಾಗಿ ಸುರಿದರು. ಸೆರೆಯ ಮೇಲೆ ತೆರಿಗೆ ಏರಿಸಬೇಕಂತೆ. ಹಾಗಾದರೆ ನನ್ನ ದೇವರಮನೆಯ ಸ್ಲ್ಯಾಬಿಗಾಗಿ ಮಂದಿ ಇನ್ನಷ್ಟು ಕುಡಿಯಲಿ ಅಂತ ಬೇಡಿಕೊಳ್ಳಲೇ, ಶಿವ ಶಿವಾ, ಅಂದೆ. ಸರಕಾರಿ ಜಮೀನು ಮಾರಬೇಕಂತೆ. ಮಾರಿ ಉಂಡ ಮೇಲೆ ಮುಂದಿನ ವರ್ಷಕ್ಕೇನು? ಹಳೆಯ ಸಾಲ ತೀರಿಸಲು ಕಡಿಮೆ ಬಡ್ಡಿಯ ಹೊಸ ಸಾಲ ಎತ್ತಬೇಕಂತೆ. ಇದೊಂದು ನನಗೆ ಚೆನ್ನಾಗಿ ತಿಳಿಯಿತು. ಪಕ್ಕದ ಮನೆಯ ಸಕ್ಕರೆ ತಿರುಗಿಸಲು ನಾನೂ ಎದುರುಮನೆಗೆ ಬಟ್ಟಲು ಹಿಡಿದು ಹೋದವಳೇ. ಕೊನೆಗೆ ಎರಡೂ ಮನೆಯವರು ನನ್ನನ್ನು ಕಂಡರೆ ಬಾಗಿಲು ಮುಂದೆ ಮಾಡುತ್ತಿದ್ದರು.

ಆಮೇಲೆ ಜೇಬಿನಿಂದ ಒಂದು ಅರ್ಜಿ ತೆಗೆದರು. ರಿಟೈರ್ ಆದವರೆಲ್ಲ ಕೂಡಿ ಬರೆದದ್ದು. ಪುಕಟ್ ಯೋಜನೆಗಳನ್ನು ನಿಲ್ಲಿಸಿ, ಮೊದಲು ನಮ್ಮ ಬಾಕಿ ಕೊಡಿ ಅಂತ. ಮನೆಯ ಹೆಣ್ಣುಮಕ್ಕಳ ಸಹಿಯೂ ಬೇಕಂತೆ. ನಿಲ್ಲಿಸಬೇಕಾದ್ದರಲ್ಲಿ ಮೊದಲನೆಯದೇ ಹೆಂಗಸರ ಪುಕಟ್ ಬಸ್ಸು.

"ನಿನ್ನ ಬಸ್ಸೇ ನನ್ನ ಗಂಟು ತಿಂದದ ನೋಡು."

ಬೇಳೆಯಲ್ಲಿ ಆಡುತ್ತಿದ್ದ ನನ್ನ ಬೆರಳು ನಿಂತಿತು. ನನ್ನ ಅಕ್ಕನನ್ನು ಗಡಿಯಾಚೆಯ ಬೀದರಿಗೆ ಕೊಟ್ಟಿದೆ, ನನ್ನನ್ನು ಈಚೆಯ ಜಹೀರಾಬಾದಿಗೆ; ರಾಜ್ಯವೂ ಬೇರೆ, ಸರಕಾರವೂ ಬೇರೆ. ಅಲ್ಲಿಯ ಸರಕಾರದ ಬಸ್ಸು ಅವಳಿಗೆ ಪುಕಟ್, ಇಲ್ಲಿಯದು ನನಗೆ. ಆದರೆ ಎರಡೂ ಗಡಿಯ ತನಕ ಮಾತ್ರ, ದಾಟಿದರೆ ಟಿಕೆಟ್ಟು. ರೊಕ್ಕ ಕೊಟ್ಟು ಹೋಗುತ್ತಿದ್ದ ಕಾಲದಲ್ಲಿ ದೊಡ್ಡ ಹಬ್ಬಕ್ಕೊಮ್ಮೆ ಮುಖ ಕಾಣುತ್ತಿದ್ದೆವು. ಈಗ ಸೋಮವಾರ ಸೋಮವಾರ ಅವಳು ಆ ಕಡೆಯಿಂದ ಬಂದು ಇಳಿಯುತ್ತಾಳೆ, ನಾನು ಜಹೀರಾಬಾದಿನಲ್ಲಿ ಹತ್ತಿ, ನ್ಯಾಲ್ಕಲ್ ದಾರಿ ಹಿಡಿದು ಈ ಕಡೆ ಇಳಿಯುತ್ತೇನೆ. ನಡುವೆ ಒಂದು ಬೇವಿನ ಗಿಡ. ಅದರ ನೆರಳಲ್ಲಿ ಬುತ್ತಿ ಬಿಚ್ಚುತ್ತೇವೆ. ನನ್ನ ಪುಂಡಿಪಲ್ಯ ಅವಳಿಗೆ, ಅವಳ ಶೇಂಗಾ ಹೋಳಿಗೆ ನನಗೆ. ಎರಡು ಸರಕಾರಗಳು ಸಾಲ ಮಾಡಿ ಇಬ್ಬರು ಮುದುಕಿಯರನ್ನು ಒಂದು ಗಿಡದ ಕೆಳಗೆ ಕೂಡಿಸಿವೆ. ಮನೆಗೆ ತಂದ ಆ ಹೋಳಿಗೆಯಲ್ಲಿ ಅರ್ಧ ಯಾರ ಹೊಟ್ಟೆಗೆ ಹೋಗುತ್ತದೆ ಅಂತ ಬೇರೆ ಹೇಳಬೇಕಿಲ್ಲ.

ನನ್ನೊಬ್ಬಳ ಬಸ್ಸಿನ ರೊಕ್ಕದಲ್ಲಿ ಸ್ಲ್ಯಾಬ್ ಆಗುತ್ತದೆಯೇ ಎಂದು ಕೇಳಿದೆ. ಎಲ್ಲ ಹೆಂಗಸರದೂ ಕೂಡಿಸಿ ನೋಡು ಅಂದರು.

"ಎಲ್ಲಾ ಮಾಸ್ತರರ ಗಂಟು ಕೂಡಿಸಿದರ ಎಷ್ಟಾಗ್ತದರಿ?"

ಅವರು ಕನ್ನಡಕ ಒರೆಸಿಕೊಂಡರು. ಪೆನ್ನು ಮಾತ್ರ ನನ್ನ ಮುಂದೆಯೇ ಇತ್ತು. ಹೊರಗೆ ಮೋಡ ಗುಡುಗಿತು. ಸುಳ್ಳೇಕೆ, ನನಗೆ ಆ ಸ್ಲ್ಯಾಬ್ ಬೇಕೇ ಬೇಕಿತ್ತು. ಸಹಿ ಹಾಕಿದರೆ ಮಾಳಿಗೆ ಬಂದೀತು, ಅಕ್ಕನ ಸೋಮವಾರ ಹೋದೀತು.

"ಸೋಮವಾರ ಹೋಗಿ ಬರ್ತೀನ್ರಿ. ಮಂಗಳವಾರ ಸಹಿ ಹಾಕ್ತೀನಿ."

"ಯಾವ ಸೋಮವಾರ?"

ನಾನು ಬೇಳೆಯಲ್ಲಿ ಮತ್ತೆ ಬೆರಳಾಡಿಸಿದೆ. ಅವರು ಅರ್ಜಿಯನ್ನು ಮತ್ತೆ ಜೇಬಿಗೆ ಸೇರಿಸಿದರು. ಪೇಪರ್ ಬಿಡಿಸುತ್ತ, "ಅಕ್ಕಗ ಹೇಳು, ಈ ಸಲ ಹೋಳಿಗ್ಯಾಗ ಎಳ್ಳು ಹೆಚ್ಚಿಗಿ ಇರಲಿ" ಅಂದರು.

ಅಷ್ಟರಲ್ಲಿ ಮಳೆ ಹಿಡಿದು ದೇವರಮನೆಯಲ್ಲಿ ಟಪ್ ಎಂದಿತು. ಹೋಗಿ ನೋಡಿದರೆ ಹನಿ ಸರಿಯಾಗಿ ಲಿಂಗದ ನೆತ್ತಿಗೇ ಬೀಳುತ್ತಿದೆ. ಶಿವನಿಗೂ ಪುಕಟ್ ಅಭಿಷೇಕ, ಅದನ್ನು ನಿಲ್ಲಿಸಲು ಹೊರಟವಳು ನಾನು. ಎಲ್ಲರ ಪುಕಟ್ಟೂ ನಿಲ್ಲಲಿ ತಂದೆ, ನನ್ನದೊಂದು ಬಿಟ್ಟು ಅಂತ ಕೈಮುಗಿದೆ. ಹಿತ್ತಾಳೆ ಬೋಗುಣಿಯಲ್ಲಿ ಅವನನ್ನು ಕೂಡಿಸಿ ಬಂದು ಮೊರ ಎಳೆದುಕೊಂಡೆ. ಎಲ್ಲಿಯ ತನಕ ಆರಿಸಿದ್ದೆನೋ ನೆನಪಾಗಲಿಲ್ಲ. ಮೊದಲಿನಿಂದ ಕಲ್ಲು ಹುಡುಕತೊಡಗಿದೆ.