ಬಾವಲಿ ಹೊಡೆಯುವ ಕಾರಕೂನ

ಒಂದಾದರೂ ಕೆಲಸವನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತವನ ಬಾಳು ಹಸನಾಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ಯಾವ ಕೆಲಸ ಎಂದು ಮಾತ್ರ ಹೇಳುವುದಿಲ್ಲ. ಮೋಸ ಇರುವುದು ಅಲ್ಲೇ. ನಾನು ಎಲ್ಲರಿಗಿಂತ ಚೆನ್ನಾಗಿ ಕಲಿತದ್ದು ಟಿ.ವಿ. ಪರದೆಯ ಮೇಲಿನ ಬಾವಲಿಗಳನ್ನು ಹೊಡೆಯುವುದನ್ನು. ಈ ವಿದ್ಯೆಯಲ್ಲಿ ಪರ್ವರಿಯಿಂದ ಪಣಜಿಯವರೆಗೆ ನನಗೆ ಸಮನಿಲ್ಲ ಎಂದು ನಮ್ಮ ಧಣಿಯೇ ಸಿಮೆಂಟ್ ವ್ಯಾಪಾರಿಗಳ ಮುಂದೆ ಸಾರಿದ್ದರು. ಆ ಮಾತಿಗೆ ನಾನು ಉಬ್ಬಿದ್ದೂ ನಿಜ. ನಮ್ಮಂಥವರನ್ನು ಉಬ್ಬಿಸಲು ಖರ್ಚು ಭಾಳ ಬರುವುದಿಲ್ಲ.

ಧಣಿ ಗದಗಿನ ಕಡೆಯವರು. ಗೋವೆಗೆ ಗೌಂಡಿಯಾಗಿ ಬಂದು, ಗೋಡೆ ಕಟ್ಟುತ್ತ ಕಟ್ಟುತ್ತ ಗುತ್ತಿಗೆದಾರರಾದವರು. ಪರ್ವರಿಯಲ್ಲಿ ಅವರ ಮನೆಯ ಮುಂದಿನ ಕೋಣೆಯೇ ಆಫೀಸು. ಅಲ್ಲಿ ನಾವಿಬ್ಬರು ಕಾರಕೂನರು, ನಾನು ಮತ್ತು ಯಲ್ಲಪ್ಪ. ನನಗೆ ದಿನಚರಿ ಬರೆಯುವ ಚಟ. ಮಳೆ ಎಂದು ಹಿಡಿಯಿತು, ಎಂದು ಬಿಟ್ಟಿತು, ಪಣಜಿ ಬಸ್ಸು ಸೇತುವೆಯ ಮೇಲೆ ಎಷ್ಟು ಸಲ ಕೆಟ್ಟು ನಿಂತಿತು, ಎಲ್ಲಕ್ಕೂ ತಾರೀಖು ಇದೆ, ಲೆಕ್ಕ ಇದೆ. ಮದುವೆಯಾಗಿ ಎರಡನೇ ವರ್ಷ ನಡೆದಿತ್ತು. ಹೆಂಡತಿ ಗಿರಿಜಾ ಬಾದಾಮಿ ಹತ್ತಿರದ ತವರಿನಲ್ಲಿ. ನಾನು ಮೂವರು ಪ್ಲಂಬರ್‌ಗಳ ಜೊತೆ ಒಂದೇ ಕೋಣೆಯಲ್ಲಿ. ಮೂವರಿದ್ದರೂ ನಮ್ಮ ನಲ್ಲಿ ಸೋರುವುದು ನಿಂತಿರಲಿಲ್ಲ ಎಂಬುದೂ ದಿನಚರಿಯಲ್ಲಿದೆ. ಪ್ರತಿ ಭಾನುವಾರ ಬೆಳಿಗ್ಗೆ ಎಸ್.ಟಿ.ಡಿ. ಬೂತಿನಿಂದ ಅವಳ ಊರಿನ ಕಿರಾಣಿ ಅಂಗಡಿಗೆ ಫೋನು ಮಾಡುತ್ತಿದ್ದೆ. ಅವಳು ಕೇಳುತ್ತಿದ್ದುದು ಒಂದೇ: “ಯಾವಾಗ ಕರಕೊಂಡು ಹೋಗ್ತೀರಿ?” ಅದಕ್ಕೆ ನನ್ನಲ್ಲಿದ್ದ ಉತ್ತರವೂ ಒಂದೇ. ಸಾಂಕೋಲೆಯಲ್ಲಿ ಕಾರ್ಖಾನೆಯ ಶೆಡ್ಡುಗಳ ಕೆಲಸ ಧಣಿಗೆ ಸಿಕ್ಕಿತ್ತು. ಅಲ್ಲಿನ ಸೂಪರ್‌ವೈಸರ್‌ಗೆ ಎರಡು ಕೋಣೆಯ ಮನೆ ಕೊಡುತ್ತಾರೆಂಬ ಮಾತಿತ್ತು.

ಅಷ್ಟರಲ್ಲಿ ಬಾವಲಿಗಳು ಬಂದವು. ಧಣಿಯ ಭಾವಮೈದುನ ಹಡಗಿನಲ್ಲಿ ಕೆಲಸಕ್ಕಿದ್ದವನು ರಜೆಗೆ ಬಂದಾಗ ಟಿ.ವಿ.ಗೆ ಹಚ್ಚಿ ಆಡುವ ವಿಡಿಯೋ ಗೇಮ್ ತಂದುಕೊಟ್ಟ. ಭೂತಬಂಗಲೆಯ ಆಟ. ಕಂದೀಲು ಹಿಡಿದ ಒಬ್ಬ ಮನುಷ್ಯ ಕೋಣೆಯಿಂದ ಕೋಣೆಗೆ ಹೋಗಬೇಕು. ಭೂತ, ಎಲುಬುಗೂಡುಗಳೆಲ್ಲ ಪಾಪದವು. ಕಂದೀಲು ಬೀಸಿದರೆ ಬೀಳುತ್ತವೆ. ಬಾವಲಿ ಹಾಗಲ್ಲ. ತೊಲೆಗೆ ಸುಮ್ಮನೆ ನೇತಾಡುತ್ತಿದ್ದು, ನೀವು ಕೆಳಗೆ ಬಂದೊಡನೆ ಅಲೆ ಅಲೆಯಾಗಿ ಏರಿಳಿಯುತ್ತ ಬಂದು ಎದೆಗೆ ಗುದ್ದಿ ಹಿಂದಿನ ಹೊಂಡಕ್ಕೆ ಕೆಡವುತ್ತದೆ. ನಮ್ಮ ಬಸ್ಸಿನ ಕಂಡಕ್ಟರ್ ಕೂಡ “ಫುಡೆ ವಚ್, ಫುಡೆ ವಚ್” ಎಂದು ಕೊಂಕಣಿಯಲ್ಲಿ ಕೂಗಿ ದಬ್ಬುತ್ತಾನೆ. ಆದರೆ ಅವನು ದಬ್ಬುವುದು ಮುಂದಕ್ಕೆ. ನಿಜವಾದ ಬಾವಲಿಗಳಾದರೂ ಎಷ್ಟೋ ಮೇಲು. ಆಫೀಸಿನ ಎದುರು ಬೀಗ ಹಾಕಿದ ಹಳೇ ಪೋರ್ಚುಗೀಸ್ ಮನೆಯ ಮರದಲ್ಲಿ ಬೇಕಾದಷ್ಟಿದ್ದವು. ಸಂಜೆ ಎದ್ದು, ಹಣ್ಣು ತಿಂದು, ಸ್ಕೂಟರಿನ ಸೀಟನ್ನಷ್ಟು ಕೆಡಿಸಿ, ಯಾರ ಎದೆಗೂ ಗುದ್ದದೆ ಮನೆಗೆ ಹೋಗುತ್ತಿದ್ದವು.

ಊಟದ ನಂತರ ಧಣಿ ಒಳಗೆ ಆಡುತ್ತಿದ್ದರು, ಸಾಯುತ್ತಿದ್ದರು. ಸತ್ತಾಗ ಬರುವ ರಾಗ ನಮಗೆ ಹೊರಗೆ ಕೇಳುತ್ತಿತ್ತು. ಒಂದು ದಿನ ಸಹಿ ಹಾಕಿಸಲು ಒಳಗೆ ಹೋದವನು ಬಾಯಿ ಮುಚ್ಚಿಕೊಂಡು ಬರಬೇಕಿತ್ತು. “ಧಣಿ, ನಿಮ್ಮ ಮನುಷ್ಯಾನ ಕಾಲು ಆ ಕೆಂಪು ಜಮಖಾನಿ ಮುಟ್ಟೂತನಕ ಬಾವಲಿ ಕೆಳಗ ಇಳಿಯಂಗಿಲ್ರಿ” ಅಂದುಬಿಟ್ಟೆ. “ಹೌದಾ? ತಗೋ, ನೀನs ಹೊಡಿ” ಎಂದು ಅವರು ಆಟ ಆಡಿಸುವ ಗುಂಡಿಗಳ ಡಬ್ಬಿಯನ್ನು ನನ್ನ ಕೈಗಿತ್ತರು. ಹೊಡೆದೆ. ಅಂದಿನಿಂದ ಅದೇ ಕೆಲಸವಾಯಿತು. ಎಲ್ಲಿ ಯಾವ ಬಾವಲಿ, ಎಷ್ಟು ಅಲೆ, ಯಾವ ಅಲೆಗೆ ಬಗ್ಗಬೇಕು ಎಂದು ಮಳೆಯ ಲೆಕ್ಕದ ಪಕ್ಕದಲ್ಲೇ ಗುರುತು ಹಾಕಿಕೊಂಡೆ. ಒಳಗಿನಿಂದ “ಕಾರಕೂನಾ, ಬಾವಲಿ ಬಂದಾವು, ಲಗೂ ಬಾ!” ಎಂದು ಕೂಗು ಬಂದರೆ ಪೆನ್ನಿನ ಮುಚ್ಚಳ ಹಾಕಿ ಏಳುತ್ತಿದ್ದೆ. ಯಲ್ಲಪ್ಪ ನಗುತ್ತಿದ್ದ: “ಹೋಗಪಾ ಅಣ್ಣಾ, ನೀ ಒಳಗ ಬಾವಲಿ ಹೊಡಿ, ನಾ ಹೊರಗ ನೊಣಾ ಹೊಡೀತೇನಿ. ಪಗಾರ ಇಬ್ಬರಿಗೂ ಅಷ್ಟs.”

ಭಾವಮೈದುನ ಮುಂದಿನ ರಜೆಗೆ ಅದೇ ಆಟದ ಎರಡನೇ ಭಾಗ ತಂದ. ಬಂಗಲೆ ಬೇರೆ, ಬಾವಲಿ ಅದೇ ಜಾತಿ. ಒಂದರ ಬದಲು ಜೋಡಿಯಾಗಿ ಬರುತ್ತಿದ್ದವು. ಅದೇ ತಿಂಗಳು ಸಾಂಕೋಲೆಯ ಜಾಗ ತೆರೆಯಿತು. ಧೈರ್ಯ ಮಾಡಿ ಕೇಳಿದೆ. ಧಣಿ ನನ್ನನ್ನು ಬಹಳ ಪ್ರೀತಿಯಿಂದ ನೋಡಿ, “ನೀ ಸಾಂಕೋಲೆಗೆ ಹೋದ್ರ ಬಾವಲಿ ಯಾರು ನೋಡ್ತಾರೋ ಹುಚ್ಚಪ್ಪಾ?” ಎಂದರು.

ಇದನ್ನು ಗಿರಿಜಾಗೆ ಹೇಳಿದೆ. “ಇಲ್ಲಿ ಎಲ್ಲಾರೂ ಕೇಳ್ತಾರ್ರಿ, ಗಂಡ ಗೋವಾದಾಗ ಏನ್ ಮಾಡ್ತಾನಂತ. ಬಾವಲಿ ಕಾಯ್ತಾನಂತ ಹೇಳ್ಲೇನು?” ಎಂದಳು. “ಕಾಯೋದಲ್ಲ, ಹೊಡಿಯೋದು” ಎಂದು ತಿದ್ದಿದೆ. ಲೆಕ್ಕ ಬರೆಯುವವರಿಗೆ ಇಂಥ ಹೊತ್ತಿನಲ್ಲೂ ತಿದ್ದಬೇಕೆನಿಸುತ್ತದೆ.

ಧಣಿಗೇ ಕಲಿಸಿಬಿಟ್ಟರೆ ನನ್ನ ಬಿಡುಗಡೆ ಎಂದು ಯೋಚಿಸಿದೆ. ಕಲಿಸುವುದೇನು ಸುಲಭವಾಗಿರಲಿಲ್ಲ. ಬಾವಲಿ ಎದುರು ಬಂದಾಗ ಅವರು ಕಣ್ಣು ಮುಚ್ಚುತ್ತಿದ್ದರು. ಕೊನೆಗೆ ಒಂದು ಉಪಮೆ ಹೊಳೆಯಿತು. “ಧಣಿ, ನೀವು ಅಟ್ಟದ ಮ್ಯಾಲ ನಿಂತೀರಿ, ಆಳು ಕೆಳಗಿಂದ ಇಟ್ಟಿಗಿ ಒಗ್ಯಾಕತ್ತಾನ ಅನ್ಕೋರಿ. ಮುಂದ ಹೋಗಿ ಹಿಡೀತೀರೇನು? ಅದು ಮ್ಯಾಲ ಬಂದು ಒಂದು ಚಣಾ ನಿಲ್ತದಲ್ಲ, ಆವಾಗ ಹಿಡೀತೀರಿ.” ಅವರ ಮುಖ ಬೆಳಗಿತು. ಹತ್ತು ವರ್ಷ ಗಾಳಿಯಲ್ಲಿ ಇಟ್ಟಿಗೆ ಹಿಡಿದ ಕೈ ಅದು. ಅಂದು ಮಧ್ಯಾಹ್ನವೇ ಜೋಡಿ ಬಾವಲಿಗಳು ಪಟಪಟನೆ ಉದುರಿದವು. ನಾನು ಸಂತೋಷದಿಂದ ಚಪ್ಪಾಳೆ ತಟ್ಟಿದೆ. ಗಿರಿಜಾಳ ಟ್ರಂಕು ಬಸ್ಸಿನ ಮೇಲೇರಿದ್ದು ನನ್ನ ಕಣ್ಣಿಗೆ ಕಂಡಿತ್ತು.

ಮರುವಾರ ಸಾಂಕೋಲೆಗೆ ಯಲ್ಲಪ್ಪನನ್ನು ಕಳಿಸಿದರು.

“ಧಣಿ, ನಿಮಗ ಈಗ ಬಾವಲಿ ಬರ್ತದಲ್ರಿ, ನಾನs ಕಲಿಸಿದ್ನಿ...” ಎಂದು ತೊದಲಿದೆ. “ನೀ ಏನು ಕಲಿಸಿದಿ? ಅದು ನಮ್ಮ ಗೌಂಡಿ ಕೆಲಸ” ಎಂದರು ಧಣಿ. ಆಮೇಲೆ ದನಿ ತಗ್ಗಿಸಿ, ಮಗನಿಗೆ ಬುದ್ಧಿ ಹೇಳುವಂತೆ, “ನೋಡಪಾ, ಬ್ಯಾಸರಾ ಮಾಡ್ಕೋಬ್ಯಾಡ. ಸೈಟಿಗೆ ಗಂಭೀರ ಮನುಷ್ಯಾ ಬೇಕು. ಯಲ್ಲಪ್ಪ ಕುರ್ಚಿ ಬಿಟ್ಟು ಎದ್ದಾಂವಲ್ಲ. ನೀ ಯಾವಾಗ್ಲೂ ಆಟಾ ಆಡ್ಕೋತ ಕುಂತಾಂವ” ಎಂದರು. ಯಲ್ಲಪ್ಪ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ ಎಂಬುದು ನಿಜ. ನಿದ್ದೆ ಹತ್ತಿದವರು ಏಳುವುದಿಲ್ಲ. ಹೋಗುವಾಗ ಅವನು ನನ್ನ ಬೆನ್ನು ತಟ್ಟಿ, “ಅಣ್ಣಾ, ಇನ್ನ ನೊಣಾನೂ ನಿಂದs” ಎಂದು ಹೇಳಿ, ಹೆಂಡತಿಯನ್ನು ಕರೆದುಕೊಂಡು ಟೆಂಪೋ ಹತ್ತಿದ.

ಮೂರನೇ ಭಾಗ ಬಂದಾಗ ಮಳೆಗಾಲ ಮುಗಿದಿತ್ತು. ಸಾಂಕೋಲೆಯಲ್ಲಿ ಎರಡನೇ ಶೆಡ್ಡು ಏಳುತ್ತಿತ್ತು, ಇನ್ನೊಬ್ಬ ಸೂಪರ್‌ವೈಸರ್ ಬೇಕಾಗಿತ್ತು. ಈ ಸಲದ ಬಂಗಲೆ ಪೂರ್ತಿ ಕತ್ತಲೆ. ಬಾವಲಿ ಕಾಣುವುದೇ ಇಲ್ಲ, ರೆಕ್ಕೆಯ ಸಪ್ಪಳ ಮಾತ್ರ. “ಇಟ್ಟಿಗಿ ಕಾಣಸವಲ್ದಲ್ಲೋ!” ಎಂದು ಧಣಿ ಒದ್ದಾಡಿದರು. ಸಾಯುವ ರಾಗ ದಿನವಿಡೀ ಕೇಳತೊಡಗಿತು. ಕೊನೆಗೆ ಹಳೆಯ ಕೂಗು: “ಕಾರಕೂನಾ!”

ಈ ಸಲ ನಾನು ಗಟ್ಟಿಯಾಗಿ ನಿರ್ಧರಿಸಿಕೊಂಡೇ ಒಳಗೆ ಹೋದೆ. ಸೋಲಬೇಕು. ಮತ್ತೆ ಮತ್ತೆ ಹೊಂಡಕ್ಕೆ ಬೀಳಬೇಕು. ಇವನಿಂದ ಬಾವಲಿಯೂ ಆಗುವುದಿಲ್ಲ ಎಂದು ಬೇಸತ್ತು ಧಣಿ ನನ್ನನ್ನು ಸಾಂಕೋಲೆಗೆ ಅಟ್ಟಬೇಕು. ಗುಂಡಿಗಳ ಡಬ್ಬಿ ಹಿಡಿದು, ತಪ್ಪಾಗಿಯೇ ಒತ್ತುತ್ತೇನೆಂದು ಕೂತೆ. ಕತ್ತಲಲ್ಲಿ ರೆಕ್ಕೆ ಬಡಿಯಿತು. ಎಡಕ್ಕೆ ಎರಡು ಬಡಿತ, ನಡುವೆ ಒಂದು ಬಿಡುವು. ಆ ಬಿಡುವು ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಅದನ್ನು ವ್ಯರ್ಥ ಮಾಡಲು ಬೆರಳಿಗೆ ಮನಸ್ಸಾಗಲಿಲ್ಲ. ಒಂದು ಬಿತ್ತು. ಇನ್ನೊಂದಕ್ಕೆ ಸೋಲೋಣ ಅಂದುಕೊಂಡೆ. ಅದೂ ಬಿತ್ತು. ಕಡೆಯ ಬಾಗಿಲು ತೆರೆದಾಗ ಧಣಿ ಎದ್ದು ನಿಂತು ನನ್ನನ್ನು ಅಪ್ಪಿಕೊಂಡರು. “ಭಲೇ ಹುಲಿ! ನಿನ್ನ ಜಲ್ಮದಾಗ ಎಲ್ಲಿಗೂ ಕಳಸಂಗಿಲ್ಲ ನೋಡು!”

ಭಾನುವಾರ ಗಿರಿಜಾಗೆ ಎಲ್ಲವನ್ನೂ ಹೇಳಿದೆ. ಸೋಲಲೆಂದೇ ಕೂತಿದ್ದೆ, ಆಗಲಿಲ್ಲ ಎಂದೆ. ಅತ್ತ ಅಂಗಡಿಯಲ್ಲಿ ಯಾರೋ ಬೆಲ್ಲ ಕೇಳುತ್ತಿದ್ದರು.

“ಸೋಲಾಕೂ ಬರಂಗಿಲ್ಲೇನ್ರಿ ನಿಮಗ?”

ಆ ಪ್ರಶ್ನೆಗೆ ಗಂಡನಾದವನು ಏನಾದರೂ ಹೇಳಬೇಕಾಗಿತ್ತು. ಧಣಿಯ ಕೆಲಸ ಬಿಡುತ್ತೇನೆ ಅನ್ನಬಹುದಿತ್ತು. ಬೇರೆ ಕೋಣೆ ಹುಡುಕುತ್ತೇನೆ ಅನ್ನಬಹುದಿತ್ತು. ಏನೂ ಇಲ್ಲದಿದ್ದರೆ ಅಳಬಹುದಿತ್ತು. ನನ್ನ ಬಾಯಿಗೆ ಬಂದದ್ದು ಇಷ್ಟು: “ಅಲ್ಲ ಗಿರಿಜಾ, ಕತ್ತಲಾಗ, ಬರೇ ಸಪ್ಪಳದ ಮ್ಯಾಲ ಹೊಡದೆ ಗೊತ್ತೇನು?”

ಲೈನು ತಾನಾಗಿ ಕಟ್ಟಾಯಿತೋ, ಅವಳೇ ಫೋನು ಇಟ್ಟಳೋ, ನನಗಿನ್ನೂ ಗೊತ್ತಾಗಿಲ್ಲ.